ಯಂತ್ರಕ್ಕೆ ಸರಕು ತುಂಬುವ ಮುನ್ನ

ಅರಸೀಕೆರೆ

ಚಿ. ಮಹೇಶನಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಪೀಣ್ಯದ ಕಾರ್ಖಾನೆಯೊಂದರಲ್ಲಿ, ಹಾಸನದ ಆಸ್ಪತ್ರೆಯೊಂದರಲ್ಲಿ ದುಡ್ಡು ಕೊಟ್ಟರೆ ತಾನೇ ಸರಕು ಹೊರಹಾಕುವ ವೆಂಡಿಂಗ್ ಮಷೀನ್ ಇಡಲು ಜಾಗ ಸಿಕ್ಕಿತೆಂದು ನೀನು ಫೋನಿನಲ್ಲಿ ಹೇಳಿದಾಗ ಬಹಳ ಸಂತೋಷವಾಯಿತು. ಎರಡಕ್ಕೂ ಒಂದೇ ಪಟ್ಟಿಯ ಸರಕು ತುಂಬುವೆನೆಂದೆಯಲ್ಲ, ಆ ಮಾತು ಮಾತ್ರ ಅಂದಿನಿಂದ ಮನಸ್ಸನ್ನು ಕೊರೆಯುತ್ತಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

31 ವರ್ಷ ದಿನಸಿ ಅಂಗಡಿಯ ಗಲ್ಲಾದಲ್ಲಿ ಕುಳಿತ ನನಗೆ ಏನು ತರಿಸಬೇಕೆಂದು ಕಲಿಸಿದವರು ಗಿರಾಕಿಗಳೇ. ಕೇಳಿದ ಪದಾರ್ಥ ಇಲ್ಲವೆಂದಾಗಲೆಲ್ಲ ಅದರ ಹೆಸರನ್ನು ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡುತ್ತಿದ್ದೆ. ವಾರದಲ್ಲಿ ಮೂರು ಸಲ ಅದೇ ಹೆಸರು ಬಂದರೆ ತರಿಸುತ್ತಿದ್ದೆ. ನಿನ್ನ ಯಂತ್ರವು ಮಾರಿದ್ದರ ಲೆಕ್ಕವನ್ನು ಮೊಬೈಲಿಗೆ ಕಳಿಸುತ್ತದೆಯೇ ಹೊರತು, ಗಾಜಿನೊಳಗೆ ಇಣುಕಿ ಬರಿಗೈಯಲ್ಲಿ ಹಿಂತಿರುಗಿದವನ ಲೆಕ್ಕವನ್ನು ಕಳಿಸುವುದಿಲ್ಲ. ಮಜ್ಜಿಗೆಯ ಸಾಲು ರಾತ್ರಿ ಹನ್ನೊಂದಕ್ಕೇ ಬರಿದಾದರೆ, ಆಮೇಲೆ ಬೆಳಗಿನವರೆಗೆ ಮಜ್ಜಿಗೆ ಯಾರಿಗೂ ಬೇಕಿರಲಿಲ್ಲವೆಂದೇ ಆ ಲೆಕ್ಕ ನಿನ್ನನ್ನು ನಂಬಿಸುತ್ತದೆ. ಆದ್ದರಿಂದ ಸರಕು ಕೊಳ್ಳುವ ಮೊದಲು ಎರಡೆರಡು ರಾತ್ರಿ ಆಯಾ ಜಾಗದಲ್ಲಿ ನೀನೇ ನಿಂತು ನೋಡು.

ಕ್ಯಾಂಟೀನು ಮುಚ್ಚಿದ ಮೇಲೆ ರಾತ್ರಿ ಪಾಳಿಯವರಿಗೆ ಬೇಕಾಗುವುದು ಹೊಟ್ಟೆಯಲ್ಲಿ ನಿಲ್ಲುವ ತಿನಿಸು: ಹುರಿದ ಕಡಲೆಬೀಜ, ಚಿಕ್ಕಿ, ಕೋಡುಬಳೆ, ಜೊತೆಗೆ ನಂದಿನಿ ಮಸಾಲೆ ಮಜ್ಜಿಗೆ. ಆಸ್ಪತ್ರೆಯ ಮಾತೇ ಬೇರೆ. ನಿನ್ನ ದೊಡ್ಡಮ್ಮನಿಗೆ ಆಪರೇಷನ್ ಆದ ರಾತ್ರಿ, ಉಟ್ಟ ಬಟ್ಟೆಯಲ್ಲೇ ಓಡಿಬಂದಿದ್ದ ನಾನು ಎರಡು ಗಂಟೆಯ ಹೊತ್ತಿನಲ್ಲಿ ಒಂದು ಸೋಪು, ಒಂದು ಟೂತ್‌ಬ್ರಷ್ ಹುಡುಕುತ್ತ ಗೇಟಿನ ಹೊರಗೆ ಅಲೆದು, ಎಲ್ಲ ಅಂಗಡಿಗಳ ಷಟರ್ ನೋಡಿ ವಾಪಸಾದೆ. ವಾರ್ಡಿನ ಬಾಗಿಲಲ್ಲಿ ಒಬ್ಬ ಹುಡುಗಿ ತಗ್ಗಿದ ದನಿಯಲ್ಲಿ ನರ್ಸನ್ನು ಸ್ಯಾನಿಟರಿ ಪ್ಯಾಡ್ ಕೇಳುತ್ತಿದ್ದಳು. ಅಲ್ಲಿನ ಯಂತ್ರದಲ್ಲಿ ಚಿಪ್ಸಿನ ಎರಡು ಸಾಲು ಕಡಿಮೆಯಾದರೂ ಚಿಂತೆಯಿಲ್ಲ, ನೀರು ಮತ್ತು ಬಿಸ್ಕತ್ತಿನ ಪಕ್ಕದಲ್ಲಿ ಬ್ರಷ್ಷು, ಸೋಪು, ಪ್ಯಾಡು, ಮೊಬೈಲ್ ಚಾರ್ಜರಿನ ಕೇಬಲ್ಲು ಇರಲೇಬೇಕು. ಇವಕ್ಕೆ ವಾಯಿದೆಯ ಭಯವೂ ಕಡಿಮೆ.

ಎಂಆರ್‌ಪಿಗಿಂತ ಒಂದು ರೂಪಾಯಿ ಹೆಚ್ಚಿಗೆ ತೆಗೆದುಕೊಳ್ಳುವುದಕ್ಕೂ ಕಾನೂನಿನಲ್ಲಿ ಅವಕಾಶವಿಲ್ಲ. ಬಾಡಿಗೆ, ಕರೆಂಟು, ನಿನ್ನ ಓಡಾಟದ ಖರ್ಚು ಎಲ್ಲವೂ ಕೊಂಡ ಬೆಲೆಗೂ ಎಂಆರ್‌ಪಿಗೂ ನಡುವಿನ ಅಂತರದಲ್ಲಿಯೇ ಹುಟ್ಟಬೇಕು. ಯಂತ್ರದೊಳಗೆ ಸಾಲಾಗಿ ಪೊಟ್ಟಣ ಹಿಡಿದಿಡುವ ಒಂದು ತಂತಿ ಸುರುಳಿಯಲ್ಲಿ ಹತ್ತು ಪೊಟ್ಟಣ ಹಿಡಿಯುವುದಾದರೆ, 10 ರೂಪಾಯಿಯ ಬಿಸ್ಕತ್ತು ತುಂಬಿದಾಗ ಏನು ಉಳಿಯುತ್ತದೆ, 30 ರೂಪಾಯಿಯ ಚಿಕ್ಕಿ ತುಂಬಿದಾಗ ಏನು ಉಳಿಯುತ್ತದೆ ಎಂದು ಲೆಕ್ಕ ಹಾಕು. ಹಾಗೆಂದು 10 ರೂಪಾಯಿಯದನ್ನು ಪೂರ್ತಿ ತೆಗೆಯಬೇಡ, ಜೇಬಿನಲ್ಲಿ ಅಷ್ಟೇ ಇರುವವನೂ ಅಲ್ಲಿಗೆ ಬರುತ್ತಾನೆ.

ಕೋಡುಬಳೆ, ಚಿಕ್ಕಿಗಳನ್ನು ಮಹಿಳಾ ಸ್ವಸಹಾಯ ಸಂಘದವರಿಂದ ಕೊಂಡರೆ ನನಗೆ ಬಹಳ ಸಂತೋಷ. ಆದರೆ ಪೊಟ್ಟಣದ ಮೇಲೆ ಸರ್ಕಾರದ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ ಎಫ್‌ಎಸ್‌ಎಸ್‌ಎಐ ಸಂಖ್ಯೆ, ತಯಾರಾದ ದಿನಾಂಕ, ಬೆಲೆ ಅಚ್ಚಾಗಿರದಿದ್ದರೆ ಒಳಗೆ ಇಡಬೇಡ. ನಿನ್ನ ಹೆಸರಿನಲ್ಲಿಯೂ ಎಫ್‌ಎಸ್‌ಎಸ್‌ಎಐ ನೋಂದಣಿ ಆಗಿರಲಿ. ಬಾಟಲಿಗಳು ಕೆಳಗಿನ ತಟ್ಟೆಯಲ್ಲಿರಲಿ, ಎತ್ತರದಿಂದ ಬಿದ್ದರೆ ಪುಡಿಯಾಗುವ ಬಿಸ್ಕತ್ತನ್ನು ಮೇಲೆ ಇಡಬೇಡ. ಕರೆಂಟು ಹೋದರೆ ಕೆಡುವ ಹಾಲಿಗಿಂತ ಟೆಟ್ರಾ ಪ್ಯಾಕಿನದು ಮೇಲು.

ಇನ್ನು ಸ್ಕೀಮಿನ ವಿಷಯ. ಹತ್ತು ಪೆಟ್ಟಿಗೆ ಕೊಂಡರೆ ಎರಡು ಉಚಿತವೆಂದು ಏಜೆಂಟನೊಬ್ಬ ಹೇಳಿದ್ದಕ್ಕೆ ನಾನು ಯಾರೂ ಕೇಳದ ಕ್ರೀಮ್ ಬಿಸ್ಕತ್ತನ್ನು ತುಂಬಿಸಿಕೊಂಡೆ. ವಾಯಿದೆ ಮುಗಿದ ಏಳು ಪೆಟ್ಟಿಗೆಗಳನ್ನು ತಿಪ್ಪೆಗೆ ಸುರಿದ ದಿನ ನಿನ್ನ ದೊಡ್ಡಮ್ಮ ಒಂದು ಮಾತೂ ಆಡಲಿಲ್ಲ, ಅದೇ ನನಗೆ ಹೆಚ್ಚು ನೋವಾಯಿತು. ಮೊದಲ ತಿಂಗಳು ಯಾವುದನ್ನೂ ಒಂದು ಪೆಟ್ಟಿಗೆಗಿಂತ ಹೆಚ್ಚು ಕೊಳ್ಳಬೇಡ; ಹೊಸದನ್ನು ತುಂಬುವಾಗ ಹಳೆಯದನ್ನು ಮುಂದಕ್ಕೆ ತಂದು ಇಡು.

ಬರುವ ಸೋಮವಾರದ ರೈಲಿಗೆ ಹೊರಟು ಬರುತ್ತೇನೆ, ಪೀಣ್ಯದಲ್ಲಿ ಮೊದಲ ರಾತ್ರಿ ನಿನ್ನೊಡನೆ ನಾನೂ ನಿಲ್ಲುತ್ತೇನೆ. ಬರೆದುಕೊಳ್ಳಲು ಒಂದು ನೋಟ್‌ಬುಕ್ ತಂದಿಡು.

ಇಂತಿ ನಿನ್ನ ದೊಡ್ಡಪ್ಪ