ಡಾಕ್ಟರು ಮಾರಿದರಂತೆ

ಮೈಸೂರು
ಭಾನುವಾರ

ಚಿ. ಮೇಘಾಳಿಗೆ ನಿನ್ನ ಮಾವನ ಆಶೀರ್ವಾದಗಳು.

ನಿನ್ನ ಮೇಲ್ ಬಂತು. ಪ್ರಿಂಟು ತೆಗೆಸಿಕೊಂಡು ಬಂದು ಮೂರು ಸಲ ಓದಿದೆ. ಹಿಮ, ಕಾರಿನ ರಿಪೇರಿ, ಹೊಸ ಮನೆಯ ಬಾಡಿಗೆ, ಇದನ್ನೆಲ್ಲ ಅಕ್ಕ ಫೋನಿನಲ್ಲೇ ಹೇಳಿದ್ದಳು. ಆದರೆ ನಡುವೆ, ನೀನು ಕೆಲಸ ಮಾಡೋ ಅಮೆರಿಕದ ಕಂಪನಿಯ ಡೈರೆಕ್ಟರು ಡಾಕ್ಟರ ಬಗ್ಗೆ ಒಂದು ಸಾಲು ಬರೆದಿದ್ದೀಯಲ್ಲ, "ಡಾಕ್ಟರೇ ತಮ್ಮ ಷೇರು ಮಾರಿಕೊಂಡರಂತೆ ಮಾವ, ಅವರಿಗೇ ನಂಬಿಕೆ ಇಲ್ಲದ ಮೇಲೆ ನಾವೆಲ್ಲ ಇಲ್ಲಿ ಯಾಕೆ ಕೂತಿದ್ದೀವಿ" ಅಂತ, ಅದು ಎರಡು ರಾತ್ರಿ ನನಗೆ ನಿದ್ದೆ ಕೊಡಲಿಲ್ಲ. ಬರೀ ದುಡ್ಡಿನ ಮಾತಾಗಿದ್ದರೆ ಇಷ್ಟು ಕಾಡುತ್ತಿರಲಿಲ್ಲ. ಇದೇ ಮಾತನ್ನು ಒಂದು ಸಲ ನಾನೇ ಆಡಿದ್ದೆ. ಆಗ ನೀನಿನ್ನೂ ಹುಟ್ಟಿರಲಿಲ್ಲ.

ನಾನು ಬೆಂಗಳೂರಿನ ಕಂಪನಿಯೊಂದರ ಷೇರು ವಿಭಾಗದಲ್ಲಿ ಗುಮಾಸ್ತನಾಗಿದ್ದೆ ಅಂತ ನಿನಗೆ ಗೊತ್ತು. ಅಲ್ಲಿ ಏನು ಮಾಡ್ತಿದ್ದೆ ಅಂತ ಗೊತ್ತಿರಲಿಕ್ಕಿಲ್ಲ. ಆಗ ಡಿಮ್ಯಾಟ್ ಇರಲಿಲ್ಲ, ಷೇರು ಅಂದರೆ ಕಾಗದ. ಯಾರೇ ಮಾರಿದರೂ ಸರ್ಟಿಫಿಕೇಟಿನ ಜೊತೆ ಟ್ರಾನ್ಸ್‌ಫರ್ ಡೀಡು ನಮ್ಮ ಮೇಜಿಗೆ ಬರಬೇಕು. ಸ್ಟಾಂಪು ಸರಿಯಾಗಿ ಹಚ್ಚಿದ್ದಾರಾ ನೋಡಬೇಕು. ಆಮೇಲೆ ಮಾರಿದವರ ಸಹಿಯನ್ನು ನಮ್ಮ ಹತ್ತಿರ ಇರೋ ಮಾದರಿ ಸಹಿಯ ಕಾರ್ಡಿನ ಪಕ್ಕ ಇಟ್ಟು ಹೋಲಿಸಬೇಕು. ಒಂದು ಅಕ್ಷರದ ಬಾಲ ಉದ್ದವಾದರೂ ವಾಪಸ್. ದಿನಕ್ಕೆ ಇನ್ನೂರು ಸಹಿ ನೋಡಿ ನೋಡಿ ನನ್ನ ಕಣ್ಣಿನ ಪವರ್ ಏರಿದ್ದು ಅಲ್ಲೇ.

1988ರ ಒಂದು ಮಧ್ಯಾಹ್ನ ಆ ರಾಶಿಯಲ್ಲಿ ನಮ್ಮ ಡೈರೆಕ್ಟರೊಬ್ಬರ ಸಹಿ ಸಿಕ್ಕಿತು. ಎರಡು ಸಾವಿರ ಷೇರು. ಕಾರ್ಡು ತೆಗೆಯುವ ಅಗತ್ಯವೇ ಇರಲಿಲ್ಲ, ನಮ್ಮ ಸಂಬಳದ ಚೆಕ್ಕಿನ ಮೇಲೂ ಅದೇ ಸಹಿ. ಎದೆ ಧಸಕ್ಕೆಂದಿತು. ಒಳಗಿನವರೇ ಮಾರ್ತಿದ್ದಾರೆ ಅಂದ ಮೇಲೆ ಕಥೆ ಮುಗೀತು ಅಂದುಕೊಂಡೆ. ಊಟದ ಬಿಡುವಿನಲ್ಲಿ ಎಸ್‌ಟಿಡಿ ಬೂತಿಗೆ ಓಡಿದೆ. ಭಾವನಿಗೆ, ಅಂದರೆ ನಿನ್ನ ಅಪ್ಪನಿಗೆ, ಫೋನು ಮಾಡಿ ಇರೋ ಮುನ್ನೂರು ಷೇರನ್ನೂ ಮಾರಿಬಿಡಿ ಅಂದೆ. ಅವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮಾರಿದರು.

ಕೈತಪ್ಪಿಹೋದ ಕುವೆಂಪುನಗರದ ಸೈಟಿನ ಕಥೆ ನೀವೆಲ್ಲ ಎಷ್ಟೋ ಸಲ ಕೇಳಿದ್ದೀರಿ, ಮತ್ತೆ ಬರೆಯೋಲ್ಲ. ನೀವು ಕೇಳಿದ ಕಥೆಯಲ್ಲಿ ಈ ಫೋನು ಇಲ್ಲ, ಅಷ್ಟೆ.

ಎಂಟು ತಿಂಗಳಾದ ಮೇಲೆ ಅದೇ ಡೈರೆಕ್ಟರ ಮನೆಯ ಗೃಹಪ್ರವೇಶ. ಜಯನಗರದಲ್ಲಿ. ಇಡೀ ವಿಭಾಗಕ್ಕೆ ಕರೆ ಬಂತು. ಕಾಯಿ ಹೋಳಿಗೆ ಬಡಿಸಿದ್ದರು. ಪಕ್ಕದ ಎಲೆಯಲ್ಲಿ ಕೂತಿದ್ದ ನಮ್ಮ ಹೆಡ್ ಕ್ಲರ್ಕು ಮೊಸಾಯಿಕ್ ನೆಲವನ್ನು ಬೆರಳಿನಿಂದ ತಟ್ಟಿ, "ಆ ಎರಡು ಸಾವಿರ ಷೇರು ಇಲ್ಲಿದೆ ನೋಡಯ್ಯ" ಅಂದರು. ತಮಾಷೆಗೆ ಅಂದದ್ದು. ಹೋಳಿಗೆ ಗಂಟಲಲ್ಲೇ ನಿಂತಿತು. ಮನುಷ್ಯನಿಗೆ ಮನೆ ಬೇಕಾಗಿತ್ತು, ಮಾರಿದ. ಕಂಪನಿ ಗಟ್ಟಿಯಾಗೇ ಇತ್ತು. 1992ರ ಹೊತ್ತಿಗೆ ಆ ಷೇರು ಎಲ್ಲಿಗೆ ಹೋಗಿತ್ತು ಅಂತ ಲೆಕ್ಕ ಹಾಕೋದನ್ನು ನಾನು ಬಿಟ್ಟುಬಿಟ್ಟಿದ್ದೇನೆ.

ಅದಕ್ಕೇ ಕೇಳ್ತೀನಿ, ನಿಮ್ಮ ಡಾಕ್ಟರಿಗೆ ನಂಬಿಕೆ ಹೋಯಿತು ಅಂತ ನಿನಗೆ ಯಾರು ಹೇಳಿದರು? ಆ ಹಾಳೆಯೇ ಹೇಳಿತಾ? ನೀನು ಕಳಿಸಿದ ಫೋಟೋ ಫಾರ್ಮ್ 4ರದು, ಅಂದರೆ ಕಂಪನಿಯ ಒಳಗಿನವರು ತಮ್ಮ ಷೇರು ಕೊಂಡದ್ದು ಮಾರಿದ್ದು ತಿಳಿಸೋ ಹಾಳೆಯದು. ಅದರಲ್ಲಿ ಒಂದೇ ಅಕ್ಷರದ ಒಂದು ಸಣ್ಣ ಕಾಲಂ ಇರುತ್ತೆ. ಅಕ್ಷರ 'ಎಸ್' ಆದರೆ ಮಾರಿದ್ದು. 'ಎಫ್' ಆದರೆ ಮಾರಿದ್ದೇ ಅಲ್ಲ, ಸಂಬಳದ ಭಾಗವಾಗಿ ಬಂದ ಷೇರಿನಲ್ಲಿ ತೆರಿಗೆಗೆ ಅಂತ ಕಂಪನಿಯೇ ಹಿಡಿದುಕೊಂಡದ್ದು. ನಿನ್ನ ಫೋಟೋದಲ್ಲಿ ಸರಿಯಾಗಿ ಆ ಕಾಲಮ್ಮೇ ಅರ್ಧ ಕತ್ತರಿಸಿ ಹೋಗಿದೆ, ಮಾರಾಯ್ತಿ! ಇನ್ನು 'ಎಸ್' ಅಂತಲೇ ಇದ್ದರೂ, 10ಬಿ5-1 ಅನ್ನೋ ಒಂದು ಚೌಕಕ್ಕೆ ಗುರುತು ಹಾಕಿದ್ದಾರಾ ನೋಡು. ಹಾಕಿದ್ದರೆ ಮುಂಚೆಯೇ ಬರೆದಿಟ್ಟ ಯೋಜನೆಯ ಪ್ರಕಾರ ಮಾರಿದ್ದು. ಈಗಿನ ನಿಯಮದಲ್ಲಿ ಡೈರೆಕ್ಟರುಗಳು, ದೊಡ್ಡ ಅಧಿಕಾರಿಗಳು ಯೋಜನೆ ಬರೆದ ಮೇಲೆ ಕಡೇಪಕ್ಷ 90 ದಿನ ಕಾಯಬೇಕು. ಮಾರಿದ್ದು ಎಷ್ಟು ಅನ್ನೋದರ ಜೊತೆ ಕೈಯಲ್ಲಿ ಉಳಿದದ್ದು ಎಷ್ಟು ಅಂತಲೂ ಅದೇ ಸಾಲಿನಲ್ಲಿ ಇರುತ್ತೆ. ಹತ್ತರಲ್ಲಿ ಒಂದು ಮಾರಿದವನೂ ಹತ್ತಕ್ಕೆ ಹತ್ತೂ ಮಾರಿದವನೂ ಒಂದೇನಾ?

ನಿನ್ನ ಕಂಪನಿಯ ಹೆಸರು ಹಾಕಿ ನಾನೇ ನೋಡಬಹುದಿತ್ತು. ಅಮೆರಿಕದ ಷೇರುಪೇಟೆ ನೋಡಿಕೊಳ್ಳೋ ಎಸ್‌ಇಸಿಯ ಎಡ್ಗರ್ ಅನ್ನೋ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಪುಕ್ಕಟೆ ನೋಡಬಹುದು, ನನಗೆ ಹೊತ್ತು ಹೋಗೋದೂ ಈಗ ಅಂಥದರಲ್ಲೇ. ಬೇಕಂತಲೇ ನೋಡಲಿಲ್ಲ. ನೋಡಿದರೆ ಅರ್ಧ ರಾತ್ರಿಯಲ್ಲಿ ನಿನಗೆ ಫೋನು ಮಾಡಿ "ಮಾರಿಬಿಡು" ಅಂದುಬಿಡ್ತೀನೇನೋ ಅಂತ ಭಯ.

ನಿನ್ನ ಹೆದರಿಕೆ ಸುಮ್ನೆ ಅಂತ ಹೇಳ್ತಿಲ್ಲ. 2001ರಲ್ಲಿ ಅಮೆರಿಕದ ಎನ್ರಾನ್ ಕಂಪನಿ ಮುಳುಗಿತಲ್ಲ, ಮೇಲಿನವರು ಕೋಟಿಗಟ್ಟಲೆ ಮಾರಿಕೊಂಡಿದ್ದರು. ಕೆಲಸಗಾರರ ನಿವೃತ್ತಿಯ ಉಳಿತಾಯ ಅದೇ ಕಂಪನಿಯ ಷೇರಿನಲ್ಲಿ ಕರಗಿಹೋಯಿತು. ಒಳಗಿನವರು ಮಾರಿದ ಎರಡು ಕೆಲಸದ ದಿನದೊಳಗೆ ತಿಳಿಸಬೇಕು ಅನ್ನೋ ನಿಯಮ ಬಂದದ್ದು ಅದಾದ ಮೇಲೆ, 2002ರಲ್ಲಿ. ಮುಂಚೆ ಮುಂದಿನ ತಿಂಗಳ 10ನೇ ತಾರೀಕಿನವರೆಗೆ ಸಮಯ ಇತ್ತು. ಡಾಕ್ಟರಷ್ಟೇ ಅಲ್ಲ, ಲೆಕ್ಕಪತ್ರ ನೋಡುವವರು, ಇನ್ನಿಬ್ಬರು ಡೈರೆಕ್ಟರುಗಳು ಎಲ್ಲ ಒಂದೇ ವಾರದಲ್ಲಿ, ಯಾವ ಯೋಜನೆಯೂ ಇಲ್ಲದೆ ಮಾರಿದ್ದರೆ ನನ್ನ ಹೊಟ್ಟೆಯಲ್ಲೂ ಕಲಸಿದ ಹಾಗೆ ಆಗ್ತಿತ್ತು. ಒಬ್ಬರು ಮಾರಿದ್ದಕ್ಕೆ ಅಷ್ಟು ಬೇಡ. ಬೇಡ ಅಂತ ಬರೀತಿದ್ದೀನಿ, ಕೈ ನಡುಗ್ತಿದೆ, ಅದು ಬೇರೆ ಮಾತು.

ದೊಡ್ಡ ಫಂಡೊಂದು ನಿಮ್ಮ ಕಂಪನಿಯಲ್ಲಿದ್ದ ತನ್ನ ಷೇರನ್ನು ಅರ್ಧಕ್ಕರ್ಧ ಇಳಿಸಿತು ಅಂತಲೂ ಬರೆದಿದ್ದೀಯ. ದೊಡ್ಡ ಫಂಡುಗಳು ತಮ್ಮ ಕೈಲಿರೋ ಷೇರು ತಿಳಿಸೋ ಆ 13ಎಫ್ ಪಟ್ಟಿ ಹಳಸಿದ ಅನ್ನ. ಮೂರು ತಿಂಗಳು ಮುಗಿದ ಮೇಲೂ ಅದನ್ನು ಸಲ್ಲಿಸೋಕೆ 45 ದಿನ ಇರುತ್ತೆ. ನೀನು ಓದೋ ಹೊತ್ತಿಗೆ ಅವರು ಮತ್ತೆ ಕೊಂಡಿದ್ದರೂ ಗೊತ್ತಾಗಲ್ಲ. ಮೊದಲು ದುಡ್ಡು ಹಾಕಿದ ವೆಂಚರ್ ಫಂಡಾಗಿದ್ದರೆ ಅದಕ್ಕೂ ಆಯುಸ್ಸು ಅಂತ ಒಂದಿರುತ್ತೆ, ಸಾಮಾನ್ಯವಾಗಿ ಹತ್ತು ವರ್ಷ. ಮುಗಿದ ಮೇಲೆ ಹಣ ಹಾಕಿದವರಿಗೆ ವಾಪಸ್ ಕೊಡಲೇಬೇಕು. ನಿಮ್ಮಂಥ ಚಿಕ್ಕ ಕಂಪನಿಯಲ್ಲಿ ದಿನಕ್ಕೆ ಕೈ ಬದಲಾಗೋ ಷೇರೇ ಕಡಿಮೆ. ಒಬ್ಬ ದೊಡ್ಡವನು ಹೊರಗೆ ಹೋಗಬೇಕಾದರೆ ವಾರಗಟ್ಟಲೆ ಸ್ವಲ್ಪ ಸ್ವಲ್ಪ ಮಾರಬೇಕು, ಅಷ್ಟಕ್ಕೇ ರೇಟು ಜಾರುತ್ತೆ. ಜಾರಿದ್ದನ್ನು ನೋಡಿ ಜನ ಒಳಗೆ ಏನೋ ಆಗಿದೆ ಅಂತಾರೆ. ಹಾಗೇ, ವ್ಯಾನ್‌ಗಾರ್ಡ್, ಬ್ಲ್ಯಾಕ್‌ರಾಕ್‌ನಂಥ ದೊಡ್ಡ ಫಂಡು ಕಂಪನಿಗಳ ಹೆಸರು ಇದೆ ಅಂತ ಧೈರ್ಯ ತಗೊಳ್ಳೋದೂ ಬೇಡ. ಅವರ ಇಂಡೆಕ್ಸ್ ಫಂಡುಗಳು ರಸೆಲ್ 2000ದಂಥ ಚಿಕ್ಕ ಕಂಪನಿಗಳ ಪಟ್ಟಿಯಲ್ಲಿ ನಿಮ್ಮ ಹೆಸರಿದ್ದರೆ ಕೊಳ್ಳುತ್ತವೆ, ಹೆಸರು ಬಿದ್ದುಹೋದರೆ ಮಾರುತ್ತವೆ. ನೀವು ಮಾಡೋ ಕ್ಯಾಥೆಟರ್, ಮೈಯೊಳಗೆ ತೂರಿಸೋ ಆ ಸಣ್ಣ ಕೊಳವೆ, ಹೇಗಿದೆ ಅಂತ ಕೇಳಲ್ಲ.

ಕ್ಯಾಥೆಟರ್ ಅಂದಾಗ ನೆನಪಾಯಿತು. ದಸರಾಕ್ಕೆ ಬಂದಾಗ ನೀನು ನಿನ್ನ ಅತ್ತೆಗೆ ತೋರಿಸಿದೆಯಲ್ಲ, ಸ್ಟೀಲಿನ ಬೋಗುಣಿಗೆ ನೀರು ಹಾಕಿ ಅದರಲ್ಲಿ ಬಲೂನು ಒತ್ತಿ, ಒಂದು ಗುಳ್ಳೆ ಮೇಲೆ ಬಂದರೂ ಆ ಪೀಸನ್ನು ಬಿಸಾಕ್ತೀವಿ ಅಂತ. ಅವಳು ಈಗಲೂ ಕುಕ್ಕರಿನ ಗ್ಯಾಸ್ಕೆಟ್ಟನ್ನು ಹಾಗೇ ನೋಡ್ತಾಳೆ. ಯಾಕೆ ಕೂತಿದ್ದೀವಿ ಅಂತ ಕೇಳಿದೆ. ಆ ಗುಳ್ಳೆ ನೋಡೋಕೆ ಕೂತಿದ್ದೀಯ ಅಂತ ನಾನಂದುಕೊಂಡಿದ್ದೆ.

ಮಾರದೆ ಕೂತವರನ್ನು ನಂಬಿಯೂ ಕೆಟ್ಟಿದ್ದೇನೆ, ಅದನ್ನೂ ಹೇಳಿಬಿಡ್ತೀನಿ. 2006ರಲ್ಲಿ ಆಸ್ಪತ್ರೆ ಸಾಮಾನು ಮಾಡೋ ಒಂದು ಸಣ್ಣ ಕಂಪನಿಯ ಷೇರು ಕೊಂಡೆ. ಹೆಸರು ಬೇಡ. ಪ್ರವರ್ತಕರು ಒಂದೂ ಷೇರು ಮಾರಿಲ್ಲ ಅನ್ನೋದೊಂದೇ ನನ್ನ ಧೈರ್ಯ. ಮಾರಿರಲಿಲ್ಲ, ನಿಜ. ಸಾಲಕ್ಕೆ ಅಡವಿಟ್ಟಿದ್ದರು. 2008ರಲ್ಲಿ ಮಾರುಕಟ್ಟೆ ಕುಸಿದಾಗ ಸಾಲ ಕೊಟ್ಟವರು ಅಷ್ಟನ್ನೂ ಮಾರಿ ಹಾಕಿದರು. ಅಡವಿಟ್ಟದ್ದನ್ನು ಬಹಿರಂಗವಾಗಿ ಹೇಳಬೇಕು ಅಂತ ನಮ್ಮ ಷೇರುಪೇಟೆ ನೋಡಿಕೊಳ್ಳೋ ಸೆಬಿ ನಿಯಮ ಮಾಡಿದ್ದು 2009ರಲ್ಲಿ, ಸತ್ಯಂ ಹಗರಣ ಆದ ಮೇಲೆ. ನಿನ್ನ ಅತ್ತೆಯ ಎರಡು ಬಳೆ ಅಷ್ಟರಲ್ಲಿ ಹೋಗಿತ್ತು. ಅವಳೂ ಏನೂ ಅನ್ನಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಏನೂ ಅನ್ನಲ್ಲ, ಅದೇ ಕಷ್ಟ.

ಏನು ಮಾಡಬೇಕು ಅಂತ ಹೇಳೋ ಯೋಗ್ಯತೆ ನನಗಿಲ್ಲ. ಆದರೂ, ನಿನ್ನ ಸಂಬಳ ಅಲ್ಲೇ, ವೀಸಾ ಅಲ್ಲೇ, ಉಳಿತಾಯವೂ ಅಲ್ಲೇ ಅಂತಾದರೆ ಅದು ಯಾಕೋ ಸರಿ ಕಾಣ್ತಿಲ್ಲ. ಎಚ್-1ಬಿ ವೀಸಾದವರಿಗೆ ಕೆಲಸ ಹೋದರೆ ಅಲ್ಲಿ ಇರೋಕೆ ಹೆಚ್ಚೆಂದರೆ 60 ದಿನ ಅಂತೆ ಅಲ್ವಾ? ಆ 60 ದಿನದ ಖರ್ಚಾದರೂ ಆ ಷೇರಿನಲ್ಲಿ ಇರದ ಹಾಗೆ ನೋಡಿಕೊ. ಮಾರೋದಾದರೂ ಕಂಪನಿ ಮಾರೋಕೆ ಒಪ್ಪಿಗೆ ಕೊಟ್ಟ ದಿನಗಳಲ್ಲೇ ಮಾರು, ಮೊದಲು ಅಲ್ಲಿನವರನ್ನು ಕೇಳಿಕೊ. ಡಾಕ್ಟರು ಮಾರಿದರು ಅಂತ ಮಾರಬೇಡ. ನಿನಗೆ ಬೇಕು ಅಂತಿದ್ದರೆ ಮಾರು. ಈ ಮುದುಕನ ಮಾತು ಹಿಡಿಸದಿದ್ದರೆ ಬಿಡು.

ಇನ್ನೊಂದು. ಇದು ಮಾತ್ರ ಖಂಡಿತ. ಆಫೀಸಿನ ಒಳಗೆ ಕೇಳಿದ್ದು, ಔಷಧಿ, ಆಸ್ಪತ್ರೆ ಸಾಮಾನಿಗೆ ಒಪ್ಪಿಗೆ ಕೊಡೋ ಎಫ್‌ಡಿಎ ಏನಂದಿತು, ಯಾವ ಆಸ್ಪತ್ರೆ ಆರ್ಡರು ನಿಲ್ಲಿಸಿತು, ಅಂಥದ್ದನ್ನು ನನಗೆ ಬರೀಬೇಡ. ನಿನ್ನ ಅಪ್ಪನಿಗೂ ಹೇಳಬೇಡ. ಸೆಬಿ ಇನ್‌ಸೈಡರ್ ಟ್ರೇಡಿಂಗ್, ಅಂದರೆ ಒಳಗಿನ ಸುದ್ದಿ ಹಿಡಿದು ಷೇರು ಕೊಂಡು ಮಾರೋದು, ಅದನ್ನು ತಡೆಯೋ ನಿಯಮ ತಂದದ್ದು 1992ರಲ್ಲಿ, ನನ್ನ ಫೋನು ಅದಕ್ಕೂ ಮುಂಚಿನದು ಅಂತ ಬೇಕಾದಷ್ಟು ಸಲ ಹೇಳಿಕೊಂಡಿದ್ದೇನೆ. ಮೇಜಿನ ಮೇಲಿನ ಕಾಗದ ನನ್ನದಾಗಿರಲಿಲ್ಲ. ಅದನ್ನು ಕದ್ದು ಕೊಟ್ಟೆ, ಕೊಟ್ಟದ್ದೂ ತಪ್ಪಾಗಿ ಓದಿ ಕೊಟ್ಟೆ.

ಹೋದ ಗುರುವಾರ ನಿಮ್ಮ ಮನೆಗೆ ಹೋಗಿದ್ದೆ. ನಿನ್ನ ಸಾಲು ತಲೆಯಲ್ಲೇ ಇತ್ತಲ್ಲ, ಈ ಸಲ ಭಾವನ ಹತ್ತಿರ ಆ ವಿಷಯ ತೆಗೆದೇಬಿಡೋಣ ಅಂದುಕೊಂಡೆ. ಅವರು ಕಾಫಿ ಕೊಟ್ಟರು. ಹಿತ್ತಿಲ ತೆಂಗಿಗೆ ನುಸಿ ಬಿದ್ದಿದೆ, ಯಾವ ಔಷಧಿ ಹೊಡೆಸೋದು ಅಂತ ಅರ್ಧ ಗಂಟೆ ಮಾತಾಡಿದರು. ಬಾಗಿಲವರೆಗೆ ಬಂದು ಚಪ್ಪಲಿ ಹುಡುಕಿ ಕೊಟ್ಟರು. ಎದ್ದು ಬಂದೆ.

ಆ ಕಾಲಮ್ಮಿನ ಅಕ್ಷರ ಏನಿತ್ತು ಅಂತ ನೋಡಿ ಬರಿ.

ನಿನ್ನ ಮಾವ