ರೈಲಿನಲ್ಲಿ ಊರಿಗೆ ಬಂದುಹೋಗುವ ಮಗಳಿಗೆ

ಸೋಮವಾರಪೇಟೆ

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಾವೆಲ್ಲರೂ ಇಲ್ಲಿ ಕ್ಷೇಮವಾಗಿದ್ದೇವೆ. ಹುಬ್ಬಳ್ಳಿಯ ಕೆಲಸ ನಿನಗೆ ಹಿಡಿಸಿದೆಯೆಂದು ನಿನ್ನ ಅಪ್ಪ ಹೇಳಿದಾಗ ಮನಸ್ಸು ತುಂಬಿತು. ಹಬ್ಬಕ್ಕೂ ರಜೆಗೂ ಇನ್ನು ನೀನು ಒಬ್ಬಳೇ ರೈಲಿನಲ್ಲಿ ಬಂದುಹೋಗಬೇಕಾಗುತ್ತದೆ. ನಾನು ಧಾರವಾಡದಲ್ಲಿ ನೌಕರಿಯಲ್ಲಿದ್ದಷ್ಟು ಕಾಲವೂ ಅದೇ ದಾರಿಯಲ್ಲಿ ಓಡಾಡಿದವನಾದ್ದರಿಂದ, ಫೋನಿನಲ್ಲಿ ಅವಸರವಾಗಿ ಹೇಳಿ ಮುಗಿಸುವ ಬದಲು, ನೀನು ಮತ್ತೆ ತೆಗೆದು ನೋಡಲು ಅನುಕೂಲವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಕೊಡಗು ಜಿಲ್ಲೆಯಲ್ಲಿ ರೈಲು ಹಳಿಯೇ ಇಲ್ಲ. ಮೈಸೂರಿನಿಂದ ಕುಶಾಲನಗರಕ್ಕೆ ಹಳಿ ಹಾಕುವ ಮಾತನ್ನು ಬಹಳ ವರ್ಷಗಳಿಂದ ಕೇಳುತ್ತಿದ್ದೇವೆ, ಅಷ್ಟೇ. ಮಡಿಕೇರಿಯವರು ಮೈಸೂರಿಗೋ ಮಂಗಳೂರಿಗೋ ಹೋಗಿ ಗಾಡಿ ಹತ್ತುತ್ತಾರೆ, ವಿರಾಜಪೇಟೆಯವರು ಮಾಕುಟ್ಟದ ಘಾಟಿ ಇಳಿದು ಕಣ್ಣೂರು ತಲಶ್ಶೇರಿ ಸೇರುತ್ತಾರೆ, ನಮಗೆ ಶನಿವಾರಸಂತೆಯ ಮೇಲೆ ಹಾಸನವೇ ಹತ್ತಿರ. ನಿಲ್ದಾಣದ ಪಕ್ಕದಲ್ಲೇ ಮನೆಯಿರುವವರು ಟಿಕೆಟ್ಟಿನಲ್ಲಿ ಏನಾದರೂ ತೊಡಕು ಕಂಡರೆ ಆಟೋ ಹಿಡಿದು ಮನೆಗೆ ಮರಳಬಹುದು, ಆದರೆ ಹಾಸನದ ಪ್ಲಾಟ್‌ಫಾರ್ಮಿನಲ್ಲಿ ನಡುರಾತ್ರಿ ನಿಂತ ನಮಗೆ ಹಿಂದಿರುಗುವ ಬಸ್ಸು ಬೆಳಗಿನವರೆಗೂ ಸಿಗುವುದಿಲ್ಲ. ಆದ್ದರಿಂದ ಟಿಕೆಟ್ಟಿನಲ್ಲಿರುವ ಪ್ರತಿಯೊಂದು ಅಕ್ಷರವನ್ನೂ ಮನೆಯ ಹೊಸಿಲು ದಾಟುವ ಮೊದಲೇ ಓದಿ, ಅರ್ಥಮಾಡಿಕೊಂಡು, ಅದರಂತೆ ಹೊರಡುವುದನ್ನು ನೀನು ರೂಢಿ ಮಾಡಿಕೊಳ್ಳಬೇಕೆಂಬುದೇ ನಾನು ಹೇಳಬೇಕಾದ ಮುಖ್ಯ ಮಾತು.

ಎಲ್ಲಕ್ಕಿಂತ ಮೊದಲು ತಾರೀಖು. ರೈಲ್ವೆಯವರ ಲೆಕ್ಕದಲ್ಲಿ ರಾತ್ರಿ ಹನ್ನೆರಡು ಹೊಡೆದ ಕೂಡಲೇ ದಿನ ಬದಲಾಗುತ್ತದೆ, ಗಡಿಯಾರ 00:00 ಆಗುತ್ತದೆ. ಮೈಸೂರಿನಲ್ಲಿ ರಾತ್ರಿ ಹೊರಟು ಹಾಸನ, ಅರಸೀಕೆರೆ ಮಾರ್ಗವಾಗಿ ಹುಬ್ಬಳ್ಳಿಗೆ ಹೋಗುವ ಗಾಡಿ ಹಾಸನವನ್ನು ಮುಟ್ಟುವಾಗ ಮಧ್ಯರಾತ್ರಿ ದಾಟಿರುತ್ತದೆ. ಭಾನುವಾರ ಸಂಜೆಯ ಬಸ್ಸಿನಲ್ಲಿ ಇಲ್ಲಿಂದ ಹೊರಟು ಹಾಸನದಲ್ಲಿ ಆ ಗಾಡಿ ಹತ್ತುವವಳಿಗೆ ಸೋಮವಾರದ ತಾರೀಖಿನ ಟಿಕೆಟ್ ಬೇಕು. ನಮ್ಮ ಮನಸ್ಸಿನಲ್ಲಿ ಅದು ಭಾನುವಾರದ ರಾತ್ರಿಯೇ ಆಗಿರುವುದರಿಂದ ಭಾನುವಾರವೆಂದೇ ಒತ್ತಿಬಿಟ್ಟರೆ, ಆ ಗಾಡಿ ಶನಿವಾರ ರಾತ್ರಿ ಕಳೆದು ಭಾನುವಾರ ಹುಟ್ಟುತ್ತಿದ್ದಂತೆಯೇ ಹಾಸನ ಬಿಟ್ಟು ಹೋಗಿರುತ್ತದೆ. ಅಂಥ ಟಿಕೆಟ್ ಹಿಡಿದು ಬಂದವರ ಮುಖವನ್ನು ನಾನು ನೋಡಿದ್ದೇನೆ. ಟಿಕೆಟ್ ತಪಾಸಣೆಯವರು ಅದನ್ನು ಟಿಕೆಟ್ ಇಲ್ಲದ ಪ್ರಯಾಣವೆಂದೇ ಪರಿಗಣಿಸುತ್ತಾರೆ.

ಇದೇ ಗೊಂದಲ ಕೊನೆಯ ಗಳಿಗೆಯಲ್ಲಿ ಕಾಯ್ದಿರಿಸುವ ತತ್ಕಾಲ್‌ನಲ್ಲೂ ಇದೆ, ಅಲ್ಲಿ ಅದು ತಿರುಗುಮುರುಗಾಗುತ್ತದೆ. ತತ್ಕಾಲ್ ತೆರೆಯುವುದು ಗಾಡಿ ಮೊದಲು ಹೊರಡುವ ನಿಲ್ದಾಣದ ದಿನಕ್ಕೆ ಒಂದು ದಿನ ಮುಂಚೆ. ಎಸಿ ದರ್ಜೆಗಳಿಗೆ ಬೆಳಿಗ್ಗೆ 10 ಗಂಟೆಗೆ, ಸ್ಲೀಪರ್‌ಗೆ 11 ಗಂಟೆಗೆ. ಸೋಮವಾರದ ತಾರೀಖಿನಲ್ಲಿ ಹಾಸನಕ್ಕೆ ಬರುವ ಗಾಡಿ ಮೈಸೂರಿನಿಂದ ಭಾನುವಾರ ಹೊರಟಿರುವುದರಿಂದ, ಅದರ ತತ್ಕಾಲ್ ಶನಿವಾರ ಬೆಳಿಗ್ಗೆಯೇ ತೆರೆದುಕೊಳ್ಳುತ್ತದೆ. ಭಾನುವಾರ ಬೆಳಿಗ್ಗೆ ನೋಡೋಣವೆಂದು ಕುಳಿತರೆ ಒಂದು ದಿನ ತಡವಾಗಿರುತ್ತದೆ. 2025ರ ಜುಲೈ 1ರಿಂದ ಆಧಾರ್ ದೃಢೀಕರಿಸಿದ ಖಾತೆಯಿದ್ದವರಿಗೆ ಮಾತ್ರ ಅಂತರ್ಜಾಲದಲ್ಲಿ ತತ್ಕಾಲ್ ಟಿಕೆಟ್ ಸಿಗುತ್ತದೆ, ಏಜೆಂಟರಿಗೆ ಮೊದಲ ಅರ್ಧ ಗಂಟೆ ಅವಕಾಶವಿಲ್ಲ. ರೈಲ್ವೆಯ ಟಿಕೆಟ್ ಜಾಲತಾಣವಾದ ಐಆರ್‌ಸಿಟಿಸಿಯಲ್ಲಿ ನಿನ್ನ ಹೆಸರಿನಲ್ಲೇ ಖಾತೆ ತೆರೆದು ಈ ವಾರದಲ್ಲೇ ಆಧಾರ್ ಜೋಡಿಸಿಬಿಡು. ಟಿಕೆಟ್ ಬೇಕಾದ ಬೆಳಿಗ್ಗೆ ಆ ಕೆಲಸಕ್ಕೆ ಕೂರುವುದು ಬೇಡ. ತತ್ಕಾಲ್‌ನಲ್ಲಿ ಖಚಿತವಾದ ಟಿಕೆಟನ್ನು ರದ್ದುಮಾಡಿದರೆ ಒಂದು ರೂಪಾಯಿಯೂ ಹಿಂದಕ್ಕೆ ಬರುವುದಿಲ್ಲವೆಂಬುದೂ ನೆನಪಿರಲಿ.

ಆದರೆ ತತ್ಕಾಲ್‌ವರೆಗೆ ಹೋಗದಿರುವುದೇ ಲೇಸು. ಮುಂಗಡ ಕಾಯ್ದಿರಿಸುವ ಅವಧಿಯನ್ನು 2024ರ ನವೆಂಬರ್ 1ರಿಂದ 120 ದಿನಗಳಿಂದ 60 ದಿನಗಳಿಗೆ ಇಳಿಸಿದ್ದಾರೆ, ಪ್ರಯಾಣದ ದಿನ ಈ ಲೆಕ್ಕಕ್ಕೆ ಸೇರುವುದಿಲ್ಲ. ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗಬೇಕೆಂದು ಅಕ್ಟೋಬರ್ 16ರಂದು ಹುಬ್ಬಳ್ಳಿ ಬಿಡುವುದಾದರೆ ಆಗಸ್ಟ್ 17ರ ಬೆಳಿಗ್ಗೆ 8 ಗಂಟೆಗೆ ಬುಕಿಂಗ್ ಆರಂಭವಾಗುತ್ತದೆ. ನಮ್ಮ ಸುಗ್ಗಿಹಬ್ಬ ಹುತ್ತರಿಯದು ಸ್ವಲ್ಪ ಬೇರೆ ವಿಚಾರ. ದಿನವೂ ಮುಹೂರ್ತವೂ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ನಿಶ್ಚಯವಾಗಿ ನಮಗೆ ತಿಳಿಯುವಷ್ಟರಲ್ಲಿ ಗಾಡಿಗಳು ತುಂಬಿಹೋಗಿರುತ್ತವೆ. ಆದರೆ ಹಬ್ಬ ಬರುವ ಹುಣ್ಣಿಮೆ ಯಾವಾಗೆಂಬುದು ಪಂಚಾಂಗದಲ್ಲಿ ಮೊದಲೇ ಇರುವುದರಿಂದ, ಅದನ್ನು ನೋಡಿಕೊಂಡು ಒಂದು ದಿನ ಮುಂಚೆಯೇ ಬರುವ ಹಾಗೆ ಕಾಯ್ದಿರಿಸು.

ಇನ್ನು ವೇಟಿಂಗ್ ಲಿಸ್ಟ್. ಟಿಕೆಟ್ಟಿನಲ್ಲಿ ಓರೆಗೆರೆಯ ಎರಡೂ ಕಡೆ ಎರಡು ಸಂಖ್ಯೆಗಳಿದ್ದರೆ, ಮೊದಲನೆಯದು ನೀನು ಕಾಯ್ದಿರಿಸಿದಾಗಿನ ಸ್ಥಾನ, ಎರಡನೆಯದು ಈಗಿನದು. ಎರಡನೆಯದನ್ನೇ ನೋಡಬೇಕು. ಆರ್‌ಎಸಿ ಎಂದು ಬಂದರೆ ಹೆದರಬೇಡ, ಗಾಡಿ ಹತ್ತುವ ಹಕ್ಕು ನಿನಗಿದೆ. ಪಕ್ಕದ ಕೆಳಬರ್ತನ್ನು ಇಬ್ಬರು ಹಂಚಿಕೊಂಡು ಕೂರಬೇಕು, ಯಾರಾದರೂ ಬಾರದೆ ಹೋದರೆ ಪೂರ್ತಿ ಬರ್ತ್ ಸಿಗಬಹುದು. ವೇಟಿಂಗ್ ಲಿಸ್ಟ್‌ನಲ್ಲೇ ಉಳಿದರೆ ಮಾತ್ರ ಮನೆಯಿಂದ ಹೊರಡಬೇಡ. ಅಂತರ್ಜಾಲದಲ್ಲಿ ತೆಗೆದ ಟಿಕೆಟ್, ಚಾರ್ಟ್ ಅಂದರೆ ಬರ್ತ್ ಹಂಚಿಕೆಯ ಪಟ್ಟಿ ಆದ ಮೇಲೂ ವೇಟಿಂಗ್‌ನಲ್ಲೇ ಇದ್ದರೆ ತಾನಾಗಿಯೇ ರದ್ದಾಗಿ, ಶುಲ್ಕ ಕಳೆದು ಉಳಿದ ಹಣ ನಿನ್ನ ಖಾತೆಗೆ ಮರಳುತ್ತದೆ. ಕೌಂಟರಿನಲ್ಲಿ ತೆಗೆದ ವೇಟಿಂಗ್ ಟಿಕೆಟ್ ಹಿಡಿದು ಸ್ಲೀಪರ್ ಬೋಗಿಯ ಬಾಗಿಲಲ್ಲಿ ನಿಂತು ಹೋಗುವ ಹಳೆಯ ರೂಢಿಯೂ ಈಗ ನಡೆಯುವುದಿಲ್ಲ. ಹಿಂದೆ ಗಾಡಿ ಹೊರಡುವ ನಾಲ್ಕು ಗಂಟೆ ಮೊದಲು ಆಗುತ್ತಿದ್ದ ಚಾರ್ಟನ್ನು 2025ರಿಂದ ಇನ್ನೂ ಬೇಗ ಸಿದ್ಧಪಡಿಸುತ್ತಿದ್ದಾರೆ. ಬಸ್ಸು ಹಿಡಿದು ಗಂಟೆಗಟ್ಟಲೆ ಬರಬೇಕಾದ ನಮ್ಮಂಥವರಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲವೆಂದು ನನ್ನ ಅಭಿಪ್ರಾಯ, ಏಕೆಂದರೆ ಬರ್ತ್ ಸಿಕ್ಕಿತೋ ಇಲ್ಲವೋ ಎಂಬುದು ಮನೆಯಲ್ಲಿರುವಾಗಲೇ ತಿಳಿಯುತ್ತದೆ.

ನಡುವಿನ ನಿಲ್ದಾಣಗಳಿಗೆ ಬರ್ತ್‌ಗಳ ಪಾಲು ಕಡಿಮೆ. ಹಾಸನದಿಂದ ಸಿಗದಿದ್ದಾಗ ಮೈಸೂರಿನಿಂದಲೇ ಟಿಕೆಟ್ ತೆಗೆದು ಹಾಸನದಲ್ಲಿ ಹತ್ತುವ ದಾರಿಯೊಂದಿದೆ, ಸ್ವಲ್ಪ ಹೆಚ್ಚು ದರ ತೆರಬೇಕಾಗುತ್ತದೆ. ಹಾಗೆ ಮಾಡುವಾಗ ಹತ್ತುವ ನಿಲ್ದಾಣ ಹಾಸನವೆಂದು ತಪ್ಪದೆ ನಮೂದಿಸು. ನಮೂದಿಸದಿದ್ದರೆ ನೀನು ಮೈಸೂರಿನಲ್ಲಿ ಹತ್ತಲಿಲ್ಲವೆಂದು ಗುರುತುಮಾಡಿ ಟಿಕೆಟ್ ತಪಾಸಣೆಯ ಟಿಟಿಇಯವರು ಆ ಬರ್ತನ್ನು ಆರ್‌ಎಸಿಯಲ್ಲಿರುವ ಬೇರೊಬ್ಬರಿಗೆ ಕೊಡುತ್ತಾರೆ, ಅದು ಅವರ ತಪ್ಪಲ್ಲ. ಹಾಸನವೆಂದು ಬದಲಿಸಿದ ಮೇಲೆ ಮೈಸೂರಿನಲ್ಲಿ ಹತ್ತುವ ಹಕ್ಕು ಇರುವುದಿಲ್ಲ.

ಬೆಂಗಳೂರಿಗೋ ಮಂಗಳೂರಿಗೋ ಹೋಗಬೇಕಾದಾಗ ಊರಿನ ಹೆಸರನ್ನಷ್ಟೇ ನೋಡಿ ನಿಲ್ಲಿಸಬೇಡ. ಬೆಂಗಳೂರೆಂದರೆ ಮೆಜೆಸ್ಟಿಕ್ ಬಳಿಯ ಸಂಗೊಳ್ಳಿ ರಾಯಣ್ಣ ನಿಲ್ದಾಣವೂ ಆಗಬಹುದು, ಯಶವಂತಪುರವೂ ಆಗಬಹುದು, ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್ಲೂ ಆಗಬಹುದು. ಮಂಗಳೂರಿನಲ್ಲಿ ಸೆಂಟ್ರಲ್ ಬೇರೆ, ಜಂಕ್ಷನ್ ಬೇರೆ. ಹುಬ್ಬಳ್ಳಿಯಲ್ಲಿ ಬೇರೆಯದೇ ಎಚ್ಚರ ಬೇಕು. ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ 2023ರಲ್ಲಿ ಉದ್ಘಾಟನೆಯಾಯಿತು. ನಿನ್ನ ಬೋಗಿ ಒಂದು ತುದಿಯಲ್ಲಿದ್ದು ನೀನು ಇನ್ನೊಂದು ತುದಿಯಲ್ಲಿದ್ದರೆ ಚೀಲ ಹೊತ್ತು ಕಿಲೋಮೀಟರಿಗೂ ಮಿಗಿಲಾಗಿ ನಡೆಯಬೇಕಾದೀತು. ಬೋಗಿಗಳ ಸ್ಥಾನ ತೋರಿಸುವ ಫಲಕ ನೋಡಿಕೊಂಡು, ಪ್ರಕಟಣೆಯನ್ನು ಕಿವಿಗೊಟ್ಟು ಕೇಳಿ, ಗಾಡಿ ಬರುವ ಮೊದಲೇ ನಿನ್ನ ಜಾಗಕ್ಕೆ ಹೋಗಿ ನಿಂತುಕೋ.

ಬರ್ತ್ ಸಂಖ್ಯೆಯಿಂದಲೇ ಅದು ಯಾವ ಬರ್ತೆಂದು ತಿಳಿಯಬಹುದು. ಸ್ಲೀಪರ್ ಬೋಗಿಯಲ್ಲಿ ಎಂಟೆಂಟು ಬರ್ತ್‌ಗಳ ಗುಂಪು: 1 ಮತ್ತು 4 ಕೆಳಗಿನವು, 2 ಮತ್ತು 5 ನಡುವಿನವು, 3 ಮತ್ತು 6 ಮೇಲಿನವು, 7 ಪಕ್ಕದ ಕೆಳಗಿನದು, 8 ಪಕ್ಕದ ಮೇಲಿನದು. ಸಂಖ್ಯೆಯನ್ನು ಎಂಟರಿಂದ ಭಾಗಿಸಿ ಶೇಷ ನೋಡು. 23 ಬಂದರೆ ಶೇಷ ಏಳು, ಅಂದರೆ ಪಕ್ಕದ ಕೆಳಬರ್ತ್. ಮಲಗುವ ಹೊತ್ತು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ. ಹಗಲಿನಲ್ಲಿ ನಡುವಿನ ಬರ್ತ್ ಮಡಚಿಟ್ಟು ಮೂವರೂ ಕೆಳಗೆ ಕೂರಬೇಕಾದದ್ದು ನಿಯಮವೂ ಹೌದು, ಮರ್ಯಾದೆಯೂ ಹೌದು. ನಡುರಾತ್ರಿ ಹಾಸನದಲ್ಲಿ ಹತ್ತುವ ನೀನು ದೀಪ ಹಾಕಿ ಗದ್ದಲ ಮಾಡದೆ, ಫೋನಿನ ಬೆಳಕಿನಲ್ಲೇ ಜಾಗ ಹುಡುಕಿಕೊಂಡರೆ ಮಲಗಿದವರು ನಿನ್ನನ್ನು ಹರಸುತ್ತಾರೆ. ನಿನ್ನ ಬರ್ತಿನಲ್ಲಿ ಯಾರಾದರೂ ಮಲಗಿದ್ದರೆ ಜಗಳ ಬೇಡ, ಟಿಕೆಟ್ ತೋರಿಸು. ಏಳದಿದ್ದರೆ ಟಿಟಿಇಯನ್ನು ಕರೆ, ಅವರೂ ಸಿಗದಿದ್ದರೆ 139ಕ್ಕೆ ಫೋನ್ ಮಾಡು. ಅದು ವಿಚಾರಣೆಗೂ ರಕ್ಷಣೆಗೂ ಒಂದೇ ಸಂಖ್ಯೆ. ಇಂಥದ್ದಕ್ಕೆಲ್ಲ ಅಪಾಯದ ಸರಪಳಿ ಎಳೆಯಬಾರದು. ಸಕಾರಣವಿಲ್ಲದೆ ಎಳೆದರೆ ರೈಲ್ವೆ ಕಾಯಿದೆಯ 141ನೇ ಸೆಕ್ಷನ್ನಿನಂತೆ ಒಂದು ವರ್ಷದವರೆಗೆ ಸೆರೆವಾಸವೋ, ಸಾವಿರ ರೂಪಾಯಿವರೆಗೆ ದಂಡವೋ, ಎರಡೂ ಆಗಬಹುದು.

ಗುರುತಿನ ಚೀಟಿಯ ಅಸಲು ಪ್ರತಿ ಜೊತೆಯಲ್ಲಿರಲಿ. ಡಿಜಿಲಾಕರ್‌ನೊಳಗಿನ ಆಧಾರ್ ಆದರೂ ನಡೆಯುತ್ತದೆ, ಕ್ಯಾಮೆರಾದಲ್ಲಿ ತೆಗೆದ ಫೋಟೋ ನಡೆಯುವುದಿಲ್ಲ. ಟಿಕೆಟ್ಟಿನ ಮಾಹಿತಿಯನ್ನು ಫೋನಿನಲ್ಲಿ ಮೊದಲೇ ಉಳಿಸಿಕೊಂಡಿರು. ಇಲ್ಲಿ ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ನೆಟ್‌ವರ್ಕ್ ದಿನಗಟ್ಟಲೆ ಇರುವುದಿಲ್ಲವೆಂದು ನಿನಗೆ ಗೊತ್ತೇ ಇದೆ. ಅದೇ ಮರ ದಾರಿಗೆ ಅಡ್ಡಬಿದ್ದು ಬಸ್ಸು ತಡವಾಗಿ ಗಾಡಿ ತಪ್ಪಿದರೆ ರೈಲ್ವೆಯವರು ಹಣ ಕೊಡುವುದಿಲ್ಲ, ಹಾಗಾಗಿ ಜೂನ್‌ನಿಂದ ಆಗಸ್ಟ್‌ವರೆಗೆ ಒಂದು ಬಸ್ಸು ಮುಂಚೆಯೇ ಹೊರಡು. ಗಾಡಿಯೇ ನೀನು ಹತ್ತುವ ನಿಲ್ದಾಣಕ್ಕೆ ಮೂರು ಗಂಟೆಗಿಂತ ಹೆಚ್ಚು ತಡವಾಗಿ ಬರುವುದಾದರೆ, ಪ್ರಯಾಣ ಬೇಡವೆನಿಸಿದಾಗ, ಅದು ಅಲ್ಲಿಂದ ಹೊರಡುವ ಮುಂಚೆ ಟಿಡಿಆರ್ ಎಂಬ ಹಣ ವಾಪಸಾತಿಯ ಅರ್ಜಿ ಸಲ್ಲಿಸಿದರೆ ಪೂರ್ತಿ ಹಣ ಪಡೆಯುವ ಹಕ್ಕಿದೆ. ಖಚಿತ ಟಿಕೆಟ್ ಬೇಡವಾದರೆ ಆದಷ್ಟು ಬೇಗ ರದ್ದುಮಾಡು, ಹೊತ್ತು ಕಳೆದಂತೆಲ್ಲ ಕಡಿತ ಏರುತ್ತ ಕಡೆಗೆ ಏನೂ ಉಳಿಯುವುದಿಲ್ಲ. ಆ ಪ್ರಮಾಣಗಳನ್ನು ಆಗಾಗ ಬದಲಿಸುವುದರಿಂದ ರದ್ದು ಮಾಡುವ ಮುನ್ನ ಅಂದಿನ ನಿಯಮ ಓದಿಕೋ. ನಿನ್ನ ಟಿಕೆಟ್ಟಿನಲ್ಲಿ ಗೆಳತಿಯನ್ನು ಕಳಿಸುವಂತಿಲ್ಲ. ಅಪ್ಪ, ಅಮ್ಮ, ಒಡಹುಟ್ಟಿದವರಂಥ ಮನೆಯವರಿಗೆ ಮಾತ್ರ, ಅದೂ ಗಾಡಿ ಹೊರಡುವ 24 ಗಂಟೆ ಮೊದಲೇ ಕಾಯ್ದಿರಿಸುವ ಕಚೇರಿಯಲ್ಲಿ ಅರ್ಜಿ ಕೊಟ್ಟು ಹೆಸರು ಬದಲಿಸಿಕೊಳ್ಳಬಹುದು.

ಹುಬ್ಬಳ್ಳಿಯಿಂದ ದಾವಣಗೆರೆಯಂಥ ಹತ್ತಿರದ ಊರುಗಳಿಗೆ ಜನರಲ್ ಟಿಕೆಟ್ ಸಾಕು. 199 ಕಿಲೋಮೀಟರುವರೆಗಿನ ಆ ಟಿಕೆಟ್ಟನ್ನು ಕೊಂಡ ಮೂರು ಗಂಟೆಯೊಳಗೆ ಗಾಡಿ ಹತ್ತಬೇಕು, ಅಷ್ಟರಲ್ಲಿ ಗಾಡಿ ಇಲ್ಲದಿದ್ದರೆ ಮೊದಲು ಬರುವುದಕ್ಕೆ ಹತ್ತಬೇಕು. ಸೂಪರ್‌ಫಾಸ್ಟ್ ಗಾಡಿಯಾದರೆ ಹೆಚ್ಚುವರಿ ಶುಲ್ಕ ಸೇರಿಸಿಯೇ ಟಿಕೆಟ್ ಕೇಳು. ಜಾಗವಿಲ್ಲವೆಂದು ಸ್ಲೀಪರ್‌ಗೆ ನುಗ್ಗಿದರೆ ದರದ ವ್ಯತ್ಯಾಸದ ಮೇಲೆ ಕನಿಷ್ಠ 250 ರೂಪಾಯಿ ದಂಡ ಬೀಳುತ್ತದೆ. ಒಂಟಿ ಹೆಂಗಸನ್ನು ಟಿಕೆಟ್ ಇಲ್ಲವೆಂದು ರಾತ್ರಿ ಹೊತ್ತಿನಲ್ಲಿ ನಡುದಾರಿಯ ಸಣ್ಣ ನಿಲ್ದಾಣದಲ್ಲಿ ಇಳಿಸುವಂತಿಲ್ಲವೆಂದು ಕಾಯಿದೆಯ 139ನೇ ಸೆಕ್ಷನ್ ಹೇಳುತ್ತದೆ. ನಿನಗೆ ಅದರ ಅಗತ್ಯ ಬೀಳದಿರಲಿ, ಆದರೂ ಬೇರೆ ಯಾರಾದರೂ ಹುಡುಗಿಗೆ ಅಂಥ ಸಂದರ್ಭ ಬಂದರೆ ಎದ್ದು ಹೇಳುವುದಕ್ಕಾದರೂ ಗೊತ್ತಿರಬೇಕು.

ಸಾಮಾನಿನ ವಿಷಯದಲ್ಲಿ ಸ್ಲೀಪರ್‌ಗೆ 40 ಕೆಜಿ ಉಚಿತ. ನಿನ್ನ ದೊಡ್ಡಮ್ಮ ಕಾಫಿಪುಡಿ, ಜೇನು, ಉಪ್ಪಿನಕಾಯಿ ಎಂದು ಕಟ್ಟುವುದೆಲ್ಲ ಅದರೊಳಗೇ ಬರುತ್ತದೆ, ಬೇಡವೆನ್ನಬೇಡ.

ಹುಬ್ಬಳ್ಳಿಯಿಂದ ಬರುವ ರಾತ್ರಿ ಗಾಡಿ ಹಾಸನ ತಲುಪುವುದು ಬೆಳಗಿನ ಜಾವದ ಕತ್ತಲಲ್ಲಿ. ಅರಸೀಕೆರೆ ಬರುವ ಹೊತ್ತಿಗೆ ಎಚ್ಚರವಾಗುವಂತೆ ಅಲಾರಂ ಇಟ್ಟುಕೋ, ಇಳಿದ ಮೇಲೆ ಬೆಳಕು ಹರಿಯುವವರೆಗೂ ನಿರೀಕ್ಷಣಾ ಕೊಠಡಿ ಬಿಟ್ಟು ಹೊರಗೆ ಹೋಗಬೇಡ. ಮುಂದಿನ ಬಾರಿ ಟಿಕೆಟ್ ಖಚಿತವಾದ ಕೂಡಲೇ ಅದರ ಮೇಲಿರುವ ಪಿಎನ್‌ಆರ್ ಸಂಖ್ಯೆ, ಬೋಗಿ, ಬರ್ತ್ ಮೂರನ್ನೂ ನನ್ನ ಫೋನಿಗೆ ಕಳಿಸು. ನಿನ್ನ ಅಣ್ಣ ಜೀಪು ತೆಗೆದುಕೊಂಡು ಹಾಸನಕ್ಕೆ ಬರುತ್ತಾನೆ.

ಇಂತು ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಪ್ಪ