ಮೂಳೆಯೊಳಗಿನ ಇಡುಗಂಟು

ಚಿ. ಅನನ್ಯಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಓದಿದೆ. ದಿನವೂ ಬೆಳಿಗ್ಗೆ ಆಮ್ಲ-ಕ್ಷಾರ ಅಳೆಯುವ ಪಿಎಚ್ ಪಟ್ಟಿಯನ್ನು ಮೂತ್ರಕ್ಕೆ ಅದ್ದಿ ಬಣ್ಣ ನೋಡುತ್ತೀಯ. ಪಟ್ಟಿ ಆಮ್ಲ ಎಂದರೆ ಅವತ್ತು ಹಾಲು, ಬೇಳೆ ಮುಟ್ಟುವುದಿಲ್ಲ. ಮೈಯೆಲ್ಲ ಆಮ್ಲವಾಗಿ ಮೂಳೆಯ ಸುಣ್ಣ ಕರಗಿಹೋಗುತ್ತಿದೆ ಎಂಬ ಭಯ ಬೇರೆ. ಆಮ್ಲ ಇಳಿಸಲು ಉಪವಾಸ, ಕ್ಷಾರದ ನೀರು, ಖನಿಜದ ಪುಡಿ ಎಂದೂ ಬರೆದಿದ್ದೀಯ, ಎಲ್ಲ ಪ್ರಕೃತಿ ಚಿಕಿತ್ಸೆಯ ಹೆಸರಿನಲ್ಲಿ. ಆ ಚಿಕಿತ್ಸೆಯ ಕಡೆ ನನಗೂ ಒಲವಿದೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಪಿಎಚ್ ಅಳತೆಯಲ್ಲಿ 7 ನಡುಮಟ್ಟ, ಅದಕ್ಕಿಂತ ಕೆಳಗೆ ಆಮ್ಲ, ಮೇಲೆ ಕ್ಷಾರ. ಆರೋಗ್ಯವಂತರ ರಕ್ತದ ಪಿಎಚ್ 7.35ರಿಂದ 7.45ರ ನಡುವೆ ಇರುತ್ತದೆ, ಅಂದರೆ ತುಸು ಕ್ಷಾರದ ಕಡೆಗೆ. 6.8ಕ್ಕಿಂತ ಕೆಳಗಿಳಿದರೆ ಅಥವಾ 7.8ನ್ನು ದಾಟಿದರೆ ಜೀವ ಉಳಿಯುವುದೇ ಕಷ್ಟ. ಇಷ್ಟು ಇಕ್ಕಟ್ಟಿನ ಲೆಕ್ಕವನ್ನು ದೇಹ ನಮ್ಮ ಮಧ್ಯಾಹ್ನದ ಊಟದ ಮರ್ಜಿಗೆ ಬಿಟ್ಟಿಲ್ಲ. ಆಮ್ಲ ಬಂದ ಕೂಡಲೇ ರಕ್ತದಲ್ಲಿರುವ ಬೈಕಾರ್ಬೊನೇಟ್ ಎಂಬ ಕ್ಷಾರ ಅದನ್ನು ಹಿಡಿಯುತ್ತದೆ. ಆಗ ಹುಟ್ಟುವ ಇಂಗಾಲದ ಡೈಆಕ್ಸೈಡ್ ಉಸಿರಿನಲ್ಲಿ ಹೊರಟುಹೋಗುತ್ತದೆ. ಉಳಿದ ಆಮ್ಲವನ್ನು ಮೂತ್ರಪಿಂಡಗಳು ನಿಧಾನವಾಗಿ ಹೊರಗೆ ಸಾಗಿಸುತ್ತವೆ, ಖರ್ಚಾದ ಬೈಕಾರ್ಬೊನೇಟನ್ನು ಹೊಸದಾಗಿ ಮಾಡಿ ರಕ್ತಕ್ಕೆ ತುಂಬುತ್ತವೆ. ಹಾಗಾಗಿಯೇ ಮೂತ್ರದ ಪಿಎಚ್ 4.5ರಿಂದ 8ರವರೆಗೆ ಓಲಾಡುತ್ತದೆ, ರಕ್ತದ್ದು ಅಲುಗಾಡುವುದಿಲ್ಲ. ನಿನ್ನ ಪಟ್ಟಿ ಆಮ್ಲ ತೋರಿಸಿದರೆ ಮೂತ್ರಪಿಂಡ ತನ್ನ ಕೆಲಸ ಮಾಡಿದೆ ಎಂದರ್ಥ. ಹೊರಗೆ ಹೋದದ್ದನ್ನು ಅಳೆದು ಒಳಗೆ ಏನು ಉಳಿದಿದೆ ಎಂದು ಹೇಗೆ ಹೇಳುತ್ತೀ?

ಹತ್ತೊಂಬತ್ತನೇ ಶತಮಾನದ ಫ್ರೆಂಚ್ ಶರೀರಶಾಸ್ತ್ರಜ್ಞ ಕ್ಲಾಡ್ ಬರ್ನಾರ್ಡ್ ಗಮನಿಸಿದ್ದನ್ನು ಕೇಳು. ಸಂತೆಯಿಂದ ತಂದ ಮೊಲಗಳ ಮೂತ್ರ ತಿಳಿಯಾಗಿ, ಆಮ್ಲೀಯವಾಗಿತ್ತು. ಹುಲ್ಲು ತಿನ್ನುವ ಪ್ರಾಣಿಯದು ಕದಡಿಕೊಂಡು ಕ್ಷಾರೀಯವಾಗಿರಬೇಕಿತ್ತಲ್ಲ! ಅವು ಉಪವಾಸವಿರಬೇಕು, ತಮ್ಮ ಮಾಂಸವನ್ನೇ ಕರಗಿಸಿಕೊಂಡು ಬದುಕುತ್ತಿರಬೇಕು ಎಂದು ಆತ ಊಹಿಸಿದ. ಹುಲ್ಲು ಹಾಕಿದ, ಮೂತ್ರ ಕ್ಷಾರವಾಯಿತು. ಮತ್ತೆ ಹಸಿವಿಗೆ ಬಿಟ್ಟ, ಆಮ್ಲವಾಯಿತು. ನೀನು 'ಆಮ್ಲ ಇಳಿಸಲು' ಮೂರು ದಿನ ಉಪವಾಸ ಮಾಡುವೆ ಎಂದಿದ್ದೀಯಲ್ಲ, ಅದಕ್ಕೇ ಈ ಕಥೆ. ಅನ್ನ ಬಿಟ್ಟಾಗ ದೇಹ ಕೊಬ್ಬನ್ನು ಉರಿಸಿ ಕೀಟೋನುಗಳೆಂಬ ವಸ್ತುಗಳನ್ನು ಮಾಡುತ್ತದೆ, ಅವುಗಳಲ್ಲಿ ಮುಖ್ಯವಾದವೂ ಆಮ್ಲಗಳೇ. ಉಪವಾಸ ಬೇರೆ ಕಾರಣಕ್ಕೆ ಬೇಕಿದ್ದರೆ ಮಾಡು, ಕ್ಷಾರಕ್ಕೆಂದು ಬೇಡ.

ಆಹಾರದ ಮಾತು ಪೂರ್ತಿ ಸುಳ್ಳಲ್ಲ. ಪ್ರೋಟೀನಿನಲ್ಲಿರುವ ಗಂಧಕ ಉರಿದು ಗಂಧಕಾಮ್ಲವಾಗುತ್ತದೆ. ಹಣ್ಣು ತರಕಾರಿಗಳ ಪೊಟ್ಯಾಸಿಯಂ ಲವಣಗಳು ದೇಹದಲ್ಲಿ ಬೈಕಾರ್ಬೊನೇಟ್ ಆಗುತ್ತವೆ. ನಾಲಿಗೆಗೆ ಹುಳಿಯಾದ ನಿಂಬೆ ಕೊನೆಗೆ ಕ್ಷಾರದ ಲೆಕ್ಕಕ್ಕೆ ಸೇರುವುದೂ ಹೀಗೆಯೇ. ಊಟದಲ್ಲಿ ಸೊಪ್ಪು, ತರಕಾರಿ, ಹಣ್ಣು ಹೆಚ್ಚಿದರೆ ಮೂತ್ರಪಿಂಡದ ಹೊರೆ ಇಳಿಯುತ್ತದೆ, ಪೊಟ್ಯಾಸಿಯಂ ಸಿಕ್ಕಿ ರಕ್ತದೊತ್ತಡಕ್ಕೂ ಒಳ್ಳೆಯದು. ಇಷ್ಟು ನಿಜ. ನಿನಗೆ ಹೇಳಿಕೊಟ್ಟವರು ಇಲ್ಲಿಗೇ ನಿಲ್ಲಿಸಿದ್ದರೆ ನನ್ನದೇನೂ ತಕರಾರಿರಲಿಲ್ಲ.

ಈಗ ಇಡುಗಂಟಿನ ವಿಷಯ. ದೇಹದ ಸುಮಾರು 1 ಕಿಲೋ ಕ್ಯಾಲ್ಸಿಯಂನಲ್ಲಿ ಶೇ. 99ರಷ್ಟು ಮೂಳೆ ಹಲ್ಲುಗಳಲ್ಲಿದೆ. ರಂಜಕದ ಶೇ. 85ರಷ್ಟು, ಮೆಗ್ನೀಸಿಯಂನ ಅರ್ಧಕ್ಕಿಂತ ಹೆಚ್ಚು ಪಾಲು ಕೂಡ ಅಲ್ಲೇ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ಕತ್ತಿನಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳ ಹಾರ್ಮೋನು ಈ ಗಂಟಿನಿಂದ ತೆಗೆಸಿ ರಕ್ತದ ಮಟ್ಟ ಕಾಯುತ್ತದೆ. ಆದ್ದರಿಂದ ರಕ್ತಪರೀಕ್ಷೆಯ ವರದಿ ಚೆನ್ನಾಗಿದ್ದರೂ ಮೂಳೆ ಸವೆದಿರಬಹುದು. ಮೆಗ್ನೀಸಿಯಂ ಇನ್ನೂ ಗುಟ್ಟಿನದು: ರಕ್ತದ ದ್ರವದಲ್ಲಿರುವುದು ಒಟ್ಟು ಮೊತ್ತದ ಶೇ. 1ಕ್ಕೂ ಕಡಿಮೆ.

ಆಮ್ಲವನ್ನು ತಣಿಸಲು ದೇಹ ಮೂಳೆ ಕರಗಿಸುತ್ತದೆ ಎಂಬ ವಾದಕ್ಕೆ ಒಂದು ಆಧಾರವಿತ್ತು. ಪ್ರೋಟೀನ್ ಜಾಸ್ತಿ ತಿಂದರೆ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚುತ್ತದೆ. ಆಮೇಲಿನ ಅಧ್ಯಯನಗಳು ಆ ಕ್ಯಾಲ್ಸಿಯಂನ ಬಹುಪಾಲು ಬಂದದ್ದು ಕರುಳಿನಿಂದ ಎಂದು ತೋರಿಸಿದವು, ಪ್ರೋಟೀನಿನ ಜೊತೆ ಕರುಳು ಹೆಚ್ಚು ಹೀರುತ್ತದೆ. ಆರೋಗ್ಯವಂತರಲ್ಲಿ ಆಹಾರದ ಆಮ್ಲದಿಂದ ಮೂಳೆ ಸವೆಯುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ. ಮೂತ್ರಪಿಂಡ ಸೋತವರ ಮಾತು ಬೇರೆ. ಅವರ ರಕ್ತದಲ್ಲಿ ಆಮ್ಲ ನಿಜಕ್ಕೂ ನಿಲ್ಲುತ್ತದೆ, ಮೂಳೆಗೂ ಪೆಟ್ಟು ಬೀಳುತ್ತದೆ.

ಹಾಗಾದರೆ ನೀನು ಮಾಡುತ್ತಿರುವುದು ತಿರುಗುಮುರುಗು. ಮೂಳೆ ಉಳಿಸಲೆಂದು ಮೂಳೆ ಕಟ್ಟುವ ಹಾಲು ಬೇಳೆಗಳನ್ನೇ ಬಿಟ್ಟಿದ್ದೀ! ಮೂಳೆಯ ಸಾಂದ್ರತೆ ಮೂವತ್ತರ ಆಸುಪಾಸಿಗೆ ತುದಿ ಮುಟ್ಟುತ್ತದೆ, ಆಮೇಲೆ ಇಳಿತವೇ. ನಿನಗಿನ್ನೂ ಕಾಲವಿದೆ. ದಿನಕ್ಕೆ ಸುಮಾರು 1,000 ಮಿಲಿಗ್ರಾಂ ಕ್ಯಾಲ್ಸಿಯಂ ಸಿಗುವಂತೆ ಉಣ್ಣು. ಹಾಲು ಬೇಡವೇ ಬೇಡ ಎಂದರೆ ಎಳ್ಳು, ಸೊಪ್ಪಿನಲ್ಲಿ ಹುಡುಕಿಕೋ. ಮೈಗೆ ಬಿಸಿಲು ಬೀಳಲಿ, ವಿಟಮಿನ್ ಡಿ ಇಲ್ಲದೆ ತಿಂದ ಕ್ಯಾಲ್ಸಿಯಂ ಸರಿಯಾಗಿ ಒಳಗಿಳಿಯದು. ಭಾರ ಎತ್ತು, ಮೆಟ್ಟಿಲು ಹತ್ತು. ಹೊರೆ ಕಾಣದ ಮೂಳೆ ತೆಳುವಾಗುತ್ತದೆ, ತಿಂಗಳುಗಟ್ಟಲೆ ಭಾರವಿಲ್ಲದೆ ತೇಲುವ ಗಗನಯಾತ್ರಿಗಳಿಗೆ ಆಗುವುದೂ ಅದೇ.

ಕ್ಷಾರದ ನೀರಿಗೆ ಹೆಚ್ಚು ಮಾತು ಬೇಡ. ಹೊಟ್ಟೆಯ ಪಿಎಚ್ 2ರ ಆಸುಪಾಸು, ಆ ನೀರು ಅಲ್ಲಿಗೆ ಇಳಿದ ಮೇಲೆ ಅದರ ಕ್ಷಾರ ಎಷ್ಟು ಹೊತ್ತು ಉಳಿದೀತು? ಅಡುಗೆ ಸೋಡಾ ಕುಡಿಯುವುದಂತೂ ಬೇಡ. ಒಂದು ಟೀ ಚಮಚದಲ್ಲಿ ಸುಮಾರು 1.2 ಗ್ರಾಂ ಸೋಡಿಯಂ ಇದೆ. ಇಡೀ ದಿನಕ್ಕೆ 2 ಗ್ರಾಂ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕೆಲವು ಬಗೆಯ ಮೂತ್ರಪಿಂಡದ ಕಲ್ಲಿಗೆ, ಮೂತ್ರಪಿಂಡದ ರೋಗಕ್ಕೆ ವೈದ್ಯರೇ ಕ್ಷಾರದ ಔಷಧಿ ಕೊಡುತ್ತಾರೆ. ಅದು ಅಳತೆ ನೋಡಿ ಕೊಡುವಂಥದ್ದು. ಕ್ಷಾರ ಕ್ಯಾನ್ಸರನ್ನೂ ಗುಣಪಡಿಸುತ್ತದೆ ಎಂದು ಯಾರಾದರೂ ಹೇಳಿದರೆ ಎದ್ದು ಬಾ. ಈ ವಾದವನ್ನು ಜಗತ್ತಿಗೆಲ್ಲ ಹಬ್ಬಿಸಿದ ಅಮೆರಿಕದ ರಾಬರ್ಟ್ ಯಂಗ್, ಪರವಾನಗಿ ಇಲ್ಲದೆ ವೈದ್ಯ ಮಾಡಿದ್ದಕ್ಕೆ 2017ರಲ್ಲಿ ಜೈಲು ಶಿಕ್ಷೆಗೆ ಗುರಿಯಾದ.

ಇನ್ನೊಂದು, ಇದು ತುರ್ತು. ನಿನ್ನ ಖನಿಜದ ಪುಡಿಯನ್ನು ನಿನ್ನಪ್ಪನಿಗೂ ಕಲಸಿ ಕೊಡುತ್ತಿದ್ದೀಯಂತೆ. ಆ ಪುಡಿಯಲ್ಲಿ ಪೊಟ್ಯಾಸಿಯಂ ಇದ್ದರೆ ಇವತ್ತೇ ನಿಲ್ಲಿಸು. ಅವನು ಬಿ.ಪಿ.ಗೆ ಮಾತ್ರೆ ನುಂಗುತ್ತಾನಲ್ಲ, ಅಂಥ ಕೆಲವು ಮಾತ್ರೆಗಳು ಪೊಟ್ಯಾಸಿಯಂ ಹೊರಹೋಗದಂತೆ ತಡೆಯುತ್ತವೆ. ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತವೇ ತಪ್ಪೀತು. ಅವನು ಕೇಳಿದರೆ 'ನನಗೇನೂ ಆಗಿಲ್ಲ' ಎನ್ನುತ್ತಾನೆ, ಚಿಕ್ಕಂದಿನಿಂದಲೂ ಅವನದು ಅದೇ ಮಾತು. ನೀನೇ ಮಾತ್ರೆಯ ಚೀಟಿಯನ್ನೂ ಪುಡಿಯ ಡಬ್ಬಿಯನ್ನೂ ಹಿಡಿದು ಅವನ ಡಾಕ್ಟರ ಬಳಿ ಕರೆದುಕೊಂಡು ಹೋಗು. ಮೂತ್ರಪಿಂಡ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್, ಜೊತೆಗೆ ಪೊಟ್ಯಾಸಿಯಂ, ಎರಡನ್ನೂ ರಕ್ತದಲ್ಲಿ ಪರೀಕ್ಷೆ ಮಾಡಿಸಿ, ವರದಿ ಬಂದ ದಿನವೇ ನನಗೆ ತಿಳಿಸು.

ಇಂತಿ,
ನಿನ್ನ ದೊಡ್ಡಪ್ಪ